ಬನಿಯನ್ ಮೇಲಿನ ಹಾಲು

"ಎಕ್ಸ್‌ಪೋರ್ಟ್ ಬನಿಯನ್ ಮೇಲೆ ಹಾಲು ಸುರ್ಸಿದ್ದೀಯಲ್ಲಾ, ನಿಂದೇನು ಮೊಲೆಯೋ ಮುನಿಸಿಪಾಲ್ಟಿ ಕೊಳಾಯಿಯೋ? ಹೇಳೇ ಮುಂಡೆ!"

ಸೂಪರ್‌ವೈಸರ್ ಸುಬ್ಬಯ್ಯನ್ ಬನಿಯನ್ನನ್ನು ಪಳನಿಯಮ್ಮನ ಮುಖಕ್ಕೆ ಎಸೆದ. ಎಂಬತ್ತೈದನೇ ಇಸವಿಯಲ್ಲಿ ತಿರುಪ್ಪೂರಿನ ನಮ್ಮ ಬನಿಯನ್ ಕಂಪನಿಯೊಳಗೆ ಕೂಸುಗಳನ್ನು ಬಿಡುತ್ತಿರಲಿಲ್ಲ. ಬಿಳಿ ಬಟ್ಟೆ ಕೊಳೆಯಾಗುತ್ತದಂತೆ. ಎದೆ ಕಟ್ಟಿದಾಗ ನಾವು ಕಕ್ಕಸಿನ ಹಿಂದೆ ಹೋಗಿ, ವೇಸ್ಟ್ ಬಟ್ಟೆಗೆ ಹಾಲು ಹಿಂಡಿ ಬರುತ್ತಿದ್ದೆವು. ಅವತ್ತು ಪಳನಿಯಮ್ಮನನ್ನು ಅದಕ್ಕೂ ಬಿಟ್ಟಿರಲಿಲ್ಲ. ಗೇಟಿನಾಚೆ ಅವಳ ಅತ್ತೆ ನಾಚಿಯಮ್ಮ, ಭೇದಿಯಾಗಿ ಬಾಡಿಹೋದ ಕೂಸಿಗೆ ಸಕ್ಕರೆ ನೀರು ನೆಕ್ಕಿಸುತ್ತ ಕೂತಿದ್ದಳು.

ಮಧ್ಯಾಹ್ನ ಊಟದ ಹೊತ್ತಿಗೆ ಕಂಪನಿಯ ಧಣಿ, ಮೊದಲಾಳಿ ವ್ಯಾಸರಾಯರು ನಮ್ಮ ಆರೋಗ್ಯ ವಿಚಾರಿಸಿ ಪುಣ್ಯ ಕಟ್ಟಿಕೊಂಡರು. ಅಂಗಳದಲ್ಲಿ ತಾಯಿಹಾಲಿನ ಶಿಬಿರವಂತೆ: ಶಾಮಿಯಾನ, ಬ್ಯಾನರು, ಫೋಟೋದವನು. ಸಾಹುಕಾರರ ಬಡಾವಣೆ ಆರ್.ಎಸ್. ಪುರಂನಿಂದ ಕಾರಿನಲ್ಲಿ ಬಂದ ಅವರ ಸೊಸೆ, ಡಾಕ್ಟರ್ ವಾರಿಜಾಕ್ಷಿ ಮೈಕು ಹಿಡಿದರು.

"ತಾಯಿಹಾಲಲ್ಲಿ ವೈರಸ್ ತಡೆಯೋ ಶಕ್ತಿ ಇದೆ. ಭೇದಿ ತರೋ ವೈರಸ್ಸನ್ನೂ ಅದು ತಡೆಯುತ್ತೆ. ಡಬ್ಬಿ ಹಾಲಲ್ಲಿ ಅದು ಸಿಗಲ್ಲ. ಕೂಸು ಅತ್ತಾಗೆಲ್ಲ ಕುಡಿಸಿ."

ನಾವು ಚಪ್ಪಾಳೆ ತಟ್ಟಿದೆವು. ತಟ್ಟಬೇಕೆಂದು ಸುಬ್ಬಯ್ಯನ್ ಮೊದಲೇ ಹೇಳಿದ್ದ.

ಫೋಟೋಗೆ ಒಬ್ಬ ತಾಯಿ, ಒಂದು ಕೂಸು ಬೇಕಾಯಿತು. ತಾಯಂದಿರು ಬೇಕಾದಷ್ಟಿದ್ದೆವು, ಕೂಸೇ ಇರಲಿಲ್ಲ. ಮೊದಲಾಳಿ ಕಾರಿನಿಂದ ತಮ್ಮ ಮೊಮ್ಮಗನನ್ನೇ ತರಿಸಿ ಪಳನಿಯಮ್ಮನ ತೊಡೆಯ ಮೇಲೆ ಕೂರಿಸಿದರು. ಅವನ ಕೈಲಿದ್ದ ಡಬ್ಬಿ ಹಾಲಿನ ಬಾಟಲಿಯನ್ನು ಡಾಕ್ಟರಮ್ಮ ಸೆರಗಿನಲ್ಲಿ ಮುಚ್ಚಿಕೊಂಡರು.

"ಕುಡಿಸ್ಬೇಡಮ್ಮಾ. ಕುಡಿಸೋ ಮಾದ್ರಿ ಇರು, ಸಾಕು," ಎಂದರು ಮೊದಲಾಳಿ.

ಅಷ್ಟರಲ್ಲಿ ಗೇಟಿನಾಚೆ ಅವಳ ಕೂಸು ಅತ್ತಿತು. ಪಳನಿಯಮ್ಮನ ರವಿಕೆ ತೊಯ್ದು, ಹಾಲು ಮೊಮ್ಮಗನ ರೇಷ್ಮೆ ಅಂಗಿಗೆ ಇಳಿಯಿತು.

"ಅಯ್ಯಯ್ಯೋ, ಅಂಗಿ!" ಎಂದು ಡಾಕ್ಟರಮ್ಮ ಕೂಗಿದರು.

ನಮಗೆ ನಗು ಬಂತು.

ಪಳನಿಯಮ್ಮ ಮೊಮ್ಮಗನನ್ನು ಸುಬ್ಬಯ್ಯನ ಕೈಗೆ ಕೊಟ್ಟು ನೇರ ಗೇಟಿಗೆ ನಡೆದಳು. ವಾಚ್‌ಮನ್ ಮೊದಲಾಳಿಯ ಮುಖ ನೋಡಿದ.

"ಅಲ್ಲೇನಣ್ಣಾ ನೋಡ್ತೀಯ? ಡಾಕ್ಟರಮ್ಮ ಮೈಕಲ್ಲಿ ಹೇಳಿದ್ದು ಕೇಳಿಲ್ವಾ? ತೆಗೀ ಬೀಗ!"

ಅವನು ತೆಗೆದ. ಅವಳು ಕೂಸನ್ನು ಎತ್ತಿಕೊಂಡು ಬಂದು, ಬ್ಯಾನರಿನ ಕೆಳಗೆ ಮೊದಲಾಳಿಯ ಕುರ್ಚಿಯಲ್ಲೇ ಕೂತು ರವಿಕೆ ಬಿಚ್ಚಿದಳು. ಫೋಟೋದವನ ಕ್ಯಾಮೆರಾ ಕೆಳಗಿಳಿಯಿತು.

ಊಟ ಮುಗಿದ ಬೆಲ್ ಹೊಡೆಯಿತು.

"ಏಳ್ರೇ, ಮಿಷಿನ್‌ಗೆ ನಡೀರೇ ಮುಂಡೇರಾ!" ಎಂದು ಸುಬ್ಬಯ್ಯನ್ ಅರಚಿದ.

"ಇರಿ ಸಾಮೀ, ಕೂಸು ಕುಡೀಲಿ," ಎಂದೆ ನಾನು.

ಕೂಸು ಎರಡು ಸಲ ಚೀಪಿ, ಸುಸ್ತಾಗಿ ಬಾಯಿ ಬಿಟ್ಟಿತು. ಪಳನಿಯಮ್ಮ ಮತ್ತೆ ಮೊಲೆ ಇಟ್ಟಳು. ಮತ್ತೆ ಬಿಟ್ಟಿತು. ಮತ್ತೆ ಇಟ್ಟಳು.

ಬೆಲ್ ಇನ್ನೊಮ್ಮೆ ಹೊಡೆಯಿತು. ನಮ್ಮಲ್ಲಿ ಯಾರೂ ಏಳಲಿಲ್ಲ.