ನಾಲ್ಕನೆಯ ಕ್ಲ್ಯಾಂಪ್

ಒಂದು ಕ್ಲ್ಯಾಂಪ್ ಕಡಿಮೆ ಬಿತ್ತು. ಅದು ಗೊತ್ತಾದದ್ದು ಅಂಟು ಹಚ್ಚಿಯಾದ ಮೇಲೆ. ಚಪ್ಪಲಿ ಸ್ಟ್ಯಾಂಡಿಗೆ ಎರಡು ಪಕ್ಕದ ಹಲಗೆಗಳು, ನಡುವೆ ನಾಲ್ಕು ಅಡ್ಡಪಟ್ಟಿಗಳು. ಅಂಟು ಒಣಗುವವರೆಗೆ ಅದುಮಿ ಹಿಡಿಯಲು ಮೂರಕ್ಕೆ ಕ್ಲ್ಯಾಂಪ್ ಬಿಗಿದಿದ್ದ. ನಾಲ್ಕನೆಯದಕ್ಕೆ ಉಳಿದದ್ದು ಅವನ ಎರಡು ಅಂಗೈ. ಮೊಣಕಾಲೂರಿ, ಆ ಕಡೆಯಿಂದೊಂದು ಈ ಕಡೆಯಿಂದೊಂದು ಕೈಯಿಟ್ಟು ಒತ್ತಿದ. ಸಂದಿನಿಂದ ಬಿಳಿ ಅಂಟು ಸಣ್ಣಗೆ ಹೊರಗೆ ಇಣುಕಿತು. ಅಳತೆ ಸರಿಯಾಗಿದೆ ಎಂದರ್ಥ. ಅವನಿಗೆ ತುಂಬ ಸಮಾಧಾನವಾಯಿತು.

ಇನ್ನು ಅರ್ಧ ಗಂಟೆ ಅಲ್ಲಾಡುವಂತಿಲ್ಲ. ಅಲ್ಲಾಡುವಂತಿಲ್ಲ ಎನ್ನುವುದೂ ಒಂದು ಸುಖವೇ.

ಒಂದು ಕಾಲಕ್ಕೆ ಸ್ಕೂಟರ್ ನಿಲ್ಲಿಸುತ್ತಿದ್ದ ಶೆಡ್ಡು ಅದು. ಈಗ ಸ್ಕೂಟರ್ ಬಿಸಿಲಿಗೆ, ನೆರಳು ಗರಗಸ, ಉಳಿ, ಉಪ್ಪುಕಾಗದಗಳ ಪಾಲಿಗೆ. ವಾರವಿಡೀ ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತಾನೆ. ಒಂದು ಮಾತು ನಿಜವಾಗಿರಬೇಕು ಇಲ್ಲವೇ ಸುಳ್ಳಾಗಿರಬೇಕು, ಮೂರನೆಯ ದಾರಿಯಿಲ್ಲ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತಾನೆ, ವರ್ಷವರ್ಷವೂ ಒರೆಸುತ್ತಾನೆ. ಭಾನುವಾರ ಬಂತೆಂದರೆ ತಾನಾಯಿತು, ತನ್ನ ಶೆಡ್ಡಾಯಿತು. ಇಲ್ಲಿ ಕಾಫಿಯ ಟ್ರೇ ಆಗಿದೆ, ಬೀಗದ ಕೈ ನೇತುಹಾಕುವ ಹಲಗೆ ಆಗಿದೆ, ಪುಸ್ತಕ ನಿಲ್ಲಿಸುವ ಸ್ಟ್ಯಾಂಡ್ ಆಗಿದೆ. ಮೊದಲ ದಿನ ಟ್ರೇ ಗಡಗಡ ಅಂದಾಗ ಅವನು ಮೇಜನ್ನು ದೂರಿದ್ದ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಹೆಂಡತಿ ನಕ್ಕಿದ್ದಳು. ನಕ್ಕರೂ ಅಂದಿನಿಂದ ಅದರಲ್ಲೇ ಕಾಫಿ ತರುತ್ತಾಳೆ.

ಈಗಲೂ ತಂದಳು. ಟ್ರೇಯನ್ನು ಹಲಗೆಗಳ ರಾಶಿಯ ಮೇಲಿಟ್ಟು, ಸೆರಗಿನಿಂದ ಸ್ಟೂಲಿನ ಮೇಲಿನ ಮರದ ಹೊಟ್ಟು ಕೊಡವಿ ಕುಳಿತಳು.

"ಫೋನ್ ಬರೋ ಹೊತ್ತಾಯ್ತು."

"ಹೌದಾ."

"ಏನು ಹೇಳಲಿ?"

"ಕೈ ಬಿಡೋ ಹಾಗಿಲ್ಲ ಕಣೆ. ಅಂಟು ಹಿಡೀತಾ ಇದೆ."

"ಕೈ ಯಾರು ಕೇಳಿದ್ರು? ಬಾಯಿ ಬಿಟ್ರೆ ಸಾಕು."

ಅವನು ಬಾಯಿ ತೆರೆದ. ಅವಳು ಸ್ವಲ್ಪ ಹೊತ್ತು ಕಾದು, ತೆರೆದ ಬಾಯಿಗೆ ಕಾಫಿಯ ಲೋಟ ಹಿಡಿದಳು.

ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಹಿರಿಯಳು. ಲ್ಯಾಬಿನ ಯಜಮಾನರು ಬೇರೊಂದು ಊರಿನಲ್ಲಿ ದೊಡ್ಡ ಲ್ಯಾಬ್ ತೆರೆಯುತ್ತಿದ್ದಾರೆ, ಅದನ್ನು ನೀವೇ ನಡೆಸಬೇಕು ಎಂದಿದ್ದಾರೆ. ಒಂದು ರಾತ್ರಿಯಲ್ಲಿ ಹೋಗಿ ಸೇರುವಷ್ಟು ದೂರದ ಊರು. ಯೋಚಿಸಲು ಕೊಟ್ಟ ಗಡುವು ಇಂದಿಗೆ ಮುಗಿಯುತ್ತದೆ. ಅವಳಿಗೆ ಹೋಗುವ ಆಸೆಯಿದೆ. ಅದನ್ನು ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಆಮೇಲೆ ಕೇಳಿದ್ದಳು: "ನೀವು ಬರ್ತೀರಾ? ಇಲ್ಲ, ನಾನು ಹೋಗೋದೇ ಬೇಡವಾ? ಏನಾದ್ರೂ ಒಂದು ಹೇಳಿ."

"ನಿನಗೆ ಹೇಗೆ ಅನುಕೂಲವೋ ಹಾಗೆ," ಎಂದಿದ್ದ.

"ಅನುಕೂಲ ಕೇಳಿದ್ನಾ?"

ಅಡ್ಡಿಯೇನಾದರೂ ಇದ್ದಿದ್ದರೆ ಚೆನ್ನಾಗಿತ್ತು. ಇರಲಿಲ್ಲ. ಆ ಊರಿನಲ್ಲೂ ಅವನ ಕಾಲೇಜಿನ ಸಂಸ್ಥೆಯದೇ ಇನ್ನೊಂದು ಕಾಲೇಜಿದೆ. ಕೇಳಿದರೆ ನಾಳೆಯೇ ವರ್ಗ ಮಾಡಿಕೊಡುತ್ತಾರೆ. ಸ್ಟಾಫ್ ರೂಮಿನಲ್ಲಿ ವಿಷಯ ಹೇಳಿದಾಗ, ಹೆಂಡತಿಗೆ ಇಷ್ಟು ಸ್ವಾತಂತ್ರ್ಯ ಕೊಡುವ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಹೊಗಳಿದ್ದರು. ಮನೆಗೆ ಬಂದು ಆ ಹೊಗಳಿಕೆಯನ್ನು ಅವಳಿಗೂ ಒಪ್ಪಿಸಿದ್ದ. ಅವಳು ಕೇಳಿಸಿಕೊಂಡು ಬಟ್ಟೆ ಮಡಚುವುದನ್ನು ಮುಂದುವರಿಸಿದ್ದಳು.

"ಹಗ್ಗ ಕಟ್ಟಿದ್ರೆ ಆಗ್ತಿರಲಿಲ್ವಾ?" ಎಂದು ಈಗ ಕೇಳಿದಳು, ಅವನ ಕೈಗಳನ್ನೇ ನೋಡುತ್ತ.

"ಆಗ್ತಿತ್ತು. ಆದ್ರೆ ಹಗ್ಗ ಮರದ ಮೇಲೆ ಗುರುತು ಬಿಡುತ್ತೆ."

"ನಿಮ್ಮ ಕೈ?"

"ಕೈಯಲ್ಲಿ ಹಿಡಿದ್ರೆ ಏನೂ ಗುರುತು ಉಳಿಯಲ್ಲ."

"ಅದು ನಿಜ," ಎಂದಳು ಅವಳು. ಲೋಟದ ತಳದಲ್ಲಿದ್ದ ಕಾಫಿಯನ್ನು ತಾನೇ ಕುಡಿದಳು. "ಈ ಮನೆಯಲ್ಲಿ ಇನ್ನು ನೀವು ರಿಪೇರಿ ಮಾಡದೆ ಬಿಟ್ಟಿರೋದು ನನ್ನೊಬ್ಬಳನ್ನೇ."

"ನಿನಗೇನಾಗಿದೆ, ಗುಂಡುಕಲ್ಲಿನ ಹಾಗಿದೀಯ."

ಅವಳು ನಕ್ಕಳು. ಅವನಿಗೂ ಹಿತವೆನಿಸಿತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಒಬ್ಬರ ಮೇಲೊಬ್ಬರು ದನಿಯೆತ್ತಿದವರಲ್ಲ. ಹಾಗಿರುವಾಗ ಒಂದು ಪ್ರಶ್ನೆ ಉತ್ತರವಿಲ್ಲದೆ ಉಳಿದರೆ ಏನು ಮುಳುಗಿಹೋಗುತ್ತದೆ ಎಂದುಕೊಂಡ.

ಒಳಗೆ ಫೋನ್ ಹೊಡೆದುಕೊಂಡಿತು. ಅವಳು ಏಳಲಿಲ್ಲ. ಅವನ ಮುಖ ನೋಡುತ್ತ ಕುಳಿತಳು. ಅವನು ಅಡ್ಡಪಟ್ಟಿಯನ್ನು ನೋಡಿದ. ಇನ್ನೇನು ನಿಂತುಹೋಗುತ್ತದೆ ಎನ್ನುವಾಗ ಎದ್ದು ಹೋದಳು.

ಗೋಡೆಯಾಚೆಯಿಂದ ಅವಳ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಬಾಗಿಲವರೆಗೆ ಹೋದರೆ ಕೇಳುತ್ತಿತ್ತು. ಅವನು ಪ್ರಾಮಾಣಿಕ, ಆ ಹೊತ್ತಿನಲ್ಲೂ ತನ್ನೊಳಗೆ ಹುಡುಕಿ ನೋಡಿದ. ಅವಳಿಲ್ಲದ ಮನೆ: ಅಡುಗೆ ತಕ್ಕಮಟ್ಟಿಗೆ ಬರುತ್ತದೆ, ಸಂಜೆ ಬೇಗ ಶೆಡ್ಡಿಗೆ ಬರಬಹುದು, ತೊಂದರೆಯಿಲ್ಲ. ಅವಳ ಜೊತೆ ಹೊಸ ಊರು: ಅಲ್ಲೂ ಕಾಲೇಜು, ಅಲ್ಲೂ ಒಂದು ಶೆಡ್ಡು ಸಿಕ್ಕೀತು, ತೊಂದರೆಯಿಲ್ಲ. ಎಲ್ಲಿ ನೋವು ಎಂದು ಡಾಕ್ಟರು ಹೊಟ್ಟೆ ಒತ್ತಿ ನೋಡುವಂತೆ ಅಲ್ಲಲ್ಲಿ ಒತ್ತಿಕೊಂಡ. ಎಲ್ಲಿಯೂ ನೋಯಲಿಲ್ಲ. ಎಲ್ಲಿಯೂ ನೋಯುತ್ತಿಲ್ಲವಲ್ಲ ಎಂದು ಒಂದು ಕ್ಷಣ ಹೆದರಿಕೆಯಾಯಿತು. ಅದೂ ಹೋಯಿತು.

ಹೊರಗೆ ಇಣುಕಿದ್ದ ಅಂಟನ್ನು ಹೆಬ್ಬೆರಳಿನಿಂದ ಮುಟ್ಟಿದ. ಗಟ್ಟಿಯಾಗಿತ್ತು. ಉಗುರಿನಿಂದ ಒತ್ತಿದ, ಉಗುರು ಇಳಿಯಲಿಲ್ಲ. ಪಟ್ಟಿ ಹಿಡಿದುಬಿಟ್ಟಿದೆ, ಇನ್ನು ಇಲ್ಲಿ ತನ್ನ ಕೆಲಸವಿಲ್ಲ ಎಂದು ಸ್ಪಷ್ಟವಾಗಿ ತಿಳಿಯಿತು. ಒಳಗೆ ಅವಳು ಯಾವುದಕ್ಕೋ ನಕ್ಕಳು. ಅವನು ಅಂಗೈಗಳನ್ನು ಇನ್ನಷ್ಟು ಬಲವಾಗಿ ಒತ್ತಿ ಹಿಡಿದ.

ಅವಳು ಬಂದು ಬಾಗಿಲಿಗೆ ಒರಗಿ ನಿಂತಳು.

"ಹೋಗ್ತೀನಿ ಅಂದೆ."

"ಒಳ್ಳೇದಾಯ್ತು." ಅದು ಮನಸ್ಸಿನಿಂದಲೇ ಬಂದ ಮಾತು.

"ಅಲ್ಲಿ ಮನೆ ಕೊಡ್ತಾರಂತೆ. ಒಬ್ಬರಿಗೆ ನೋಡಬೇಕಾ, ಇಬ್ಬರಿಗೆ ನೋಡಬೇಕಾ ಅಂತ ಕೇಳಿದ್ರು."

"ನೀನೇನಂದೆ?"

"ನಮ್ಮನೆಯವರು ಅಂಟು ಹಾಕ್ಕೊಂಡು ಕೂತಿದಾರೆ, ಒಣಗಿದ ಮೇಲೆ ಹೇಳ್ತೀನಿ ಅಂದೆ."

ಇಬ್ಬರೂ ನಕ್ಕರು. ಅವನಂತೂ ಭುಜ ಕುಲುಕುವಷ್ಟು ನಕ್ಕ, ಕೈ ಮಾತ್ರ ಅಲುಗದಂತೆ ನೋಡಿಕೊಂಡ. ನಗು ಮುಗಿಯಿತು. ಅವಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಸಂದಿನ ಅಂಟಿನ ಮೇಲೆ ಬೆರಳಾಡಿಸಿದಳು. ದಿನವೂ ಗಾಜಿನ ಸ್ಲೈಡಿನ ಮೇಲೆ ರಕ್ತದ ಹನಿ ನೋಡುವವಳು, ಇದನ್ನೂ ಹಾಗೆಯೇ ಹತ್ತಿರದಿಂದ ನೋಡಿದಳು.

"ಇದು ಯಾವಾಗಲೋ ಒಣಗಿದೆಯಲ್ರೀ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೊದಲನೆಯ ಕ್ಲ್ಯಾಂಪ್ ಸಡಿಲಿಸಿ ಕೆಳಗಿಟ್ಟಳು. ಎರಡನೆಯದು. ಮೂರನೆಯದು. ಸ್ಟ್ಯಾಂಡು ಮಿಸುಕಲಿಲ್ಲ.

"ಇನ್ನು ನೀವು," ಎಂದಳು.

"ಇನ್ನೊಂದೈದು ನಿಮಿಷ."

ಅವಳು ಕಾಯಲಿಲ್ಲ. ಸ್ಟ್ಯಾಂಡನ್ನು ಮೆಲ್ಲಗೆ ಅವನ ಕೈಗಳ ನಡುವಿನಿಂದ ತನ್ನ ಕಡೆಗೆ ಎಳೆದುಕೊಂಡು, ಎತ್ತಿ, ಮುಂಬಾಗಿಲ ಕಡೆಗೆ ನಡೆದಳು. ಚಪ್ಪಲಿ ಇಡಲು ಒಂದು ಸ್ಟ್ಯಾಂಡು ಬೇಕೆಂದು ಅವಳು ಹಿಂದಿನ ವರ್ಷದಿಂದ ಕೇಳುತ್ತಿದ್ದಳು. ಅದನ್ನು ನೆಲಕ್ಕಿಟ್ಟ ಸದ್ದು ಕೇಳಿತು.

"ಒಂಚೂರೂ ಅಲ್ಲಾಡ್ತಾ ಇಲ್ಲ ರೀ," ಎಂದು ಅಲ್ಲಿಂದಲೇ ಕೂಗಿದಳು. ನಿಜವಾದ ಮೆಚ್ಚುಗೆ. ಅವನ ಎದೆ ಸಂತೋಷದಿಂದ ತುಂಬಿತು. ಅವಳು ಸ್ವಲ್ಪ ತಡೆದು, "ಈಗ ಹೇಳಿ, ಒಬ್ಬರಿಗಾ, ಇಬ್ಬರಿಗಾ?" ಎಂದಳು.

ಅವನು ಇನ್ನೂ ಮೊಣಕಾಲೂರಿಯೇ ಇದ್ದ. ಎರಡು ಅಂಗೈಗಳು ಇದ್ದಲ್ಲೇ, ಎದುರುಬದುರಾಗಿ, ಒಂದು ಸ್ಟ್ಯಾಂಡಿನಗಲ ಜಾಗ ಬಿಟ್ಟು ನಿಂತಿದ್ದವು. ನಡುವೆ ಮರದ ಪುಡಿ ಬಿಸಿಲಿನಲ್ಲಿ ತೇಲುತ್ತಿತ್ತು. ಅವನು ಗಮನಿಸಿದ: ಒತ್ತಡ ಎರಡೂ ಕಡೆ ಸಮನಾಗಿತ್ತು.