ಮರ್ಯಾದೆಯ ನೂರು ರೂಪಾಯಿ

"ನೂರು ರೂಪಾಯಿ ಬಾಕಿ ಉಳಿಸಿದ್ದಕ್ಕ ಏಳನೂರು ಬಡ್ಡಿ? ಇವರೇನು ಬ್ಯಾಂಕಿನವರೋ, ಹಗಲುಗಳ್ಳರೋ?" ಹುಲೆಪ್ಪನ ಕೂಗಿಗೆ ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ತಾರವ್ವನ ಕೈ ನಿಂತಿತು.

ಸೊಸೆ ರಾಧಿಕಾ ಮೊಬೈಲಿಗೆ ಬಂದಿದ್ದ ಸಂದೇಶವನ್ನು ಮತ್ತೊಮ್ಮೆ ಓದಿದಳು. ಜಮಖಂಡಿಯ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದ ಅವಳು ವರ್ಷದಿಂದ ಗ್ಯಾಸು, ಎಣ್ಣೆ, ಮಾವನ ಸಕ್ಕರೆ ಕಾಯಿಲೆಯ ಗುಳಿಗೆ ಎಲ್ಲವನ್ನೂ ಕ್ರೆಡಿಟ್ ಕಾರ್ಡಿನಲ್ಲೇ ತರುತ್ತಿದ್ದಳು. ಖಾತೆಯಲ್ಲಿ ದುಡ್ಡಿದ್ದಷ್ಟೇ ಕಾರ್ಡು ಉಜ್ಜಬೇಕು, ಪಗಾರ ಬಂದ ದಿನವೇ ಪೂರಾ ಚುಕ್ತಾ ಮಾಡಬೇಕು, ಇದು ಅವಳ ಕಟ್ಟಳೆ. "ನಮ್ಮ ಸೊಸಿ ಉದ್ರಿ ತಂದ್ರೂ ಬ್ಯಾಂಕಿನವರು ಆಕಿಗೆ ನಮಸ್ಕಾರ ಹಾಕತಾರ" ಎಂದು ಹುಲೆಪ್ಪನೇ ಓಣಿಯ ತುಂಬ ಹೇಳಿಕೊಂಡು ತಿರುಗಿದ್ದ.

ಹೋದ ತಿಂಗಳು ತರಬೇತಿಗೆಂದು ಬಾಗಲಕೋಟೆಗೆ ಹೊರಟವಳು ಬಿಲ್ಲಿನ ಹಣವನ್ನು ಮಾವನ ಕೈಗೆ ಕೊಟ್ಟು ಹೋಗಿದ್ದಳು. ಅವನು ಬೇಕೆಂದೇ ನೂರು ರೂಪಾಯಿ ಹಿಡಿದಿಟ್ಟು ಉಳಿದದ್ದನ್ನು ತುಂಬಿ ಬಂದಿದ್ದ. ಅಂದಾನೆಪ್ಪನ ಕಿರಾಣಿ ಅಂಗಡಿಯಲ್ಲಿ ಅವನು ಎಂದೂ ಉದ್ರಿಯನ್ನು ತಳ ಕೆರೆದು ತೀರಿಸಿದವನಲ್ಲ. ಹಾಗೆ ತೀರಿಸಿದರೆ 'ಇನ್ನ ನಿನ್ನ ಅಂಗಡಿ ಕಟ್ಟಿ ಹತ್ತೂದಿಲ್ಲ' ಎಂದಂತೆ. ತುಸು ಬಾಕಿ ಇಟ್ಟರೇ ಮರ್ಯಾದೆ. ಪಾಪ, ಆ ಮರ್ಯಾದೆಯನ್ನು ಬ್ಯಾಂಕಿಗೂ ಮಾಡಿದ್ದ! ಪೂರಾ ತುಂಬಲಿಲ್ಲವೆಂದು ಬ್ಯಾಂಕು ಇಡೀ ಬಿಲ್ಲಿನ ಮೇಲೆ ಬಡ್ಡಿ ಜಡಿದಿತ್ತು.

"ಬ್ಯಾಂಕಿನ ಕೂಡ ಬೀಗತನ ಬೆಳಸಾಕ ಹೋಗಿದ್ರೇನ?" ತಾರವ್ವ ಒಳಗಿನಿಂದಲೇ ಚುಚ್ಚಿದಳು.

"ತಪ್ಪು ನಂದರಿ ಮಾವಾರ. ಪೂರಾ ತುಂಬ್ರಿ ಅಂದೆ, ಯಾಕಂತ ಹೇಳಲಿಲ್ಲ" ಎಂದಳು ರಾಧಿಕಾ. "ಒಂದು ವರ್ಷ ಲೆಕ್ಕ ಚೊಕ್ಕ ಇಟ್ಟಿದ್ದೆ. ಹೋಗ್ಲಿ ಬಿಡ್ರಿ."

ಬೈದಿದ್ದರೆ ಹುಲೆಪ್ಪ ತಿರುಗಿ ಬೈಯುತ್ತಿದ್ದ. ಆ 'ಹೋಗ್ಲಿ' ಮಾತ್ರ ಕರುಳಿಗೆ ನಾಟಿತು. ಸೊಸೆಯ ಹೆಸರಿಗೆ ತನ್ನ ಕೈಯಿಂದಲೇ ಮಸಿ ಹತ್ತಿತಲ್ಲ ಎಂದು ಅವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಮರುದಿನ ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿ, ತನ್ನ ಪಿಂಚಣಿಯ ಹಣ ಹಿಡಿದು ಬ್ಯಾಂಕಿಗೆ ಹೋದ. ಬಾಕಿ, ಬಡ್ಡಿ ಎಲ್ಲ ಎಣಿಸಿ ಕೊಟ್ಟ.

"ಚಿಲ್ಲರೆ ಇರ್ಲಿ ಬಿಡ್ರಿ ಅಜ್ಜಾರ, ಮುಂದಿನ ಬಿಲ್ಲಿಗೆ ಬರತೈತಿ" ಎಂದಳು ಕೌಂಟರಿನಾಕೆ.

"ಬ್ಯಾಡ್ರಿ ಬಾಯಾರ, ನಯಾಪೈಸಾ ಉಳಿಬಾರದು."

"ಇಷ್ಟು ಬಡ್ಡಿ ಹತ್ತೇತಲ್ಲ, ಯಾರ ಕಾರ್ಡರಿ ಇದು?"

ಸಾಲಿನಲ್ಲಿದ್ದವರು ಕತ್ತು ಚಾಚಿದರು. ಅವರಲ್ಲಿ ಅವನ ಓಣಿಯ ಪಾಂಡಪ್ಪನೂ ಇದ್ದ. ಹುಲೆಪ್ಪ ಮೆಲ್ಲಗೆ ಉತ್ತರಿಸಿ ಪಾರಾಗಬಹುದಿತ್ತು. ಆದರೆ ಮೂವತ್ತು ವರ್ಷ ಜಮಖಂಡಿ ಕೋರ್ಟಿನಲ್ಲಿ ಜವಾನನಾಗಿ ವಾದಿ-ಪ್ರತಿವಾದಿಗಳ ಹೆಸರು ಕೂಗಿದ ಗಂಟಲು ಅದು. ಮೆಲ್ಲಗೆ ಮಾತಾಡುವುದು ಅದಕ್ಕೆ ಗೊತ್ತಿರಲಿಲ್ಲ.

"ಕಾರ್ಡು ನಮ್ಮ ಸೊಸಿ ರಾಧಿಕಾಂದು! ಒಂದ ಪೈಸಾ ಬಡ್ಡಿ ಕೊಟ್ಟಾಕಿ ಅಲ್ಲ ಆಕಿ. ಈ ಬಡ್ಡಿ ಹುಲೆಪ್ಪಂದು. ಚೀಟಿ ಮ್ಯಾಲ ತುಂಬಿದವರ ಹೆಸರು ನಂದ ಬರೀರಿ. ದಪ್ಪಗ ಬರೀರಿ!"

ಆಕೆ ನಗು ತಡೆದುಕೊಂಡು ಬರೆದು, ಠಪ್ಪೆ ಒತ್ತಿ ಕೊಟ್ಟಳು. ಹುಲೆಪ್ಪ ಪಾಂಡಪ್ಪನ ಮುಂದೆಯೇ ಎದೆಯೆತ್ತಿ ಹಾಯ್ದು ಹೊರಬಿದ್ದ. ಬಜಾರಿನ ಜನಜಂಗುಳಿಯಲ್ಲಿ ಮನೆಯ ದಾರಿ ಹಿಡಿದ ಮೇಲೂ ಚೀಟಿಯನ್ನು ಕಿಸೆಗೆ ಹಾಕದೆ ಎಲ್ಲರಿಗೂ ಕಾಣುವಂತೆ ಕೈಯಲ್ಲೇ ಹಿಡಿದಿದ್ದ.