ಅತ್ತೆಯ ಕೋಣೆಯಲ್ಲಿ ಮೋಟಪ್ಪ

ಮಗಳಿಗೆ ರೋಮವಿರುವ ಪ್ರಾಣಿ ಆಗುವುದಿಲ್ಲ. ಪಕ್ಕದ ಮನೆಯ ಬೆಕ್ಕು ನಮ್ಮ ಮೆಟ್ಟಿಲ ಮೇಲೆ ಒಮ್ಮೆ ಮೈ ಕೊಡವಿ ಹೋದರೂ ಸಾಕು, ಅವಳ ಎದೆ ಸಿಳ್ಳೆ ಹೊಡೆಯತೊಡಗುತ್ತದೆ. ನಾಯಿಗೆ, ಬೆಕ್ಕಿಗೆ, ಕೊನೆಗೆ ಮೊಲಕ್ಕೂ ಡಾಕ್ಟರು ಬೇಡವೆಂದ ಮೇಲೆ ಅವಳು ತಾನೇ ಯೋಚಿಸಿ ಹಲ್ಲಿ ಎಂದಳು.

"ಗೋಡೆ ಮೇಲೆ ಬಿಟ್ಟಿಯಾಗಿ ಓಡಾಡ್ತಾವಲ್ಲ ಮೇಡಂ, ಅದರಲ್ಲೇ ಒಂದಕ್ಕೆ ಹೆಸರಿಟ್ಕೊಳ್ಳಿ," ಅಂದರು ನನ್ನ ಗಂಡ. ಮಗಳನ್ನು ಅವರು ಕರೆಯುವುದೇ ಮೇಡಂ ಎಂದು.

"ಅವು ಬಾಡಿಗೆಗಿರೋವು ಅಪ್ಪಾ. ನಂಗೆ ಸಾಕಿದ್ದು ಬೇಕು."

ಇವರು ನಕ್ಕರು. ಅತ್ತೆ ತೀರಿಹೋದ ಮೇಲೆ ಇವರು ನಕ್ಕದ್ದು ಅದೇ ಮೊದಲಿರಬೇಕು. ಮಗಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದೂ ಅದೇ ಮೊದಲು. ಅಜ್ಜಿಯ ಕೋಣೆಯಲ್ಲೇ ಮಲಗಿ ಬೆಳೆದ ಹುಡುಗಿ ಅವಳು. ಈಗ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಬಡಿಸಿದ್ದರಲ್ಲಿ ಅರ್ಧ ತಟ್ಟೆಯಲ್ಲೇ ಬಿಡುತ್ತಿದ್ದಳು, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಹೀಗಾಗಿ ಹಲ್ಲಿ ಎಂದಾಗ ನಾವಿಬ್ಬರೂ ಹೂಂ ಅಂದುಬಿಟ್ಟೆವು.

ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಅವಳು ಕೇಳಿದಳು: "ಅದು ಸಾಯಲ್ಲ ತಾನೇ?"

"ಸರಿಯಾಗಿ ನೋಡ್ಕೊಂಡ್ರೆ ತುಂಬಾ ವರ್ಷ ಬದುಕತ್ತಂತೆ," ಅಂದೆ. ಮಾತನ್ನು ಅಳೆದೇ ಆಡಿದ್ದೆ. ಅವಳು ಮಾತ್ರ ಅದರಿಂದ 'ಸಾಯಲ್ಲ' ಎಂಬುದನ್ನಷ್ಟೇ ಆರಿಸಿಕೊಂಡಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಮಿಕ್ಸರು, ಇಸ್ತ್ರಿಪೆಟ್ಟಿಗೆಗಳ ಡಬ್ಬದಲ್ಲಿ ಬರುವ ಕೈಪಿಡಿಗಳನ್ನು ಬರೆಯುವುದು ನನ್ನ ಕೆಲಸ. ಅದರಲ್ಲಿ 'ಎಚ್ಚರಿಕೆ' ಎಂಬ ಭಾಗ ನನ್ನ ಪಾಲಿನದು. ಯಾರು ಎಂಥ ಎಡವಟ್ಟು ಮಾಡಬಹುದೆಂದು ಮೊದಲೇ ಊಹಿಸಿ, ಹಾಗೆ ಮಾಡಬೇಡಿ ಎಂದು ಬರೆಯುತ್ತೇನೆ. ಅಂಗಡಿಗೆ ಹೋದಾಗಲೂ ಅದೇ ಕಣ್ಣು. ಸಿಕ್ಕಿದ್ದನ್ನೆಲ್ಲ ಓದಿಕೊಂಡೇ ಹೋಗಿದ್ದೆ. ಕಣ್ಣು ನಿಚ್ಚಳವಾಗಿರಬೇಕು, ಬೆರಳುಗಳೆಲ್ಲ ಇರಬೇಕು, ಬಾಲ ದಪ್ಪಗಿರಬೇಕು. ಕೊಬ್ಬು ಕೂಡಿಟ್ಟುಕೊಳ್ಳುವುದು ಬಾಲದಲ್ಲೇ ಅಲ್ಲವೇ. ಗಾಜಿನ ಪೆಟ್ಟಿಗೆಗಳ ಮುಂದೆ ಬಗ್ಗಿ, ಒಂದೊಂದರ ಬೆರಳನ್ನೂ ಪರೀಕ್ಷಿಸುತ್ತಿದ್ದೆ.

ಅಂಗಡಿಯಾಕೆ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಹಲ್ಲಿ ಆರಿಸ್ತಿದ್ದೀರೋ, ಅಳಿಯನ್ನ ಆರಿಸ್ತಿದ್ದೀರೋ?"

"ಅಳಿಯ ಆದ್ರೆ ಇಷ್ಟು ನೋಡ್ತಿರಲಿಲ್ಲ," ಅಂದರು ಇವರು. "ನಮ್ಮ ಮಾವ ನನ್ನ ಬೆರಳು ಎಣಿಸಲೇ ಇಲ್ಲ."

ನಾನು ಆರಿಸಿದ್ದು ಹಳದಿ ಮೈಗೆ ಕಪ್ಪು ಚುಕ್ಕಿಗಳ, ಒಂದು ಊನವೂ ಇಲ್ಲದ ಗೆಕೋ ಹಲ್ಲಿ. ಗೋಡೆ ಹತ್ತಲಾಗದ, ನೆಲದ ಮೇಲೇ ಓಡಾಡುವ ಜಾತಿ ಅದು. ಕಣ್ಣಿಗೆ ರೆಪ್ಪೆಯಿದೆ, ನಮ್ಮ ಹಾಗೆ ಮಿಟುಕಿಸುತ್ತದೆ. ಮಗಳು ಅದನ್ನು ತಿರುಗಿಯೂ ನೋಡಲಿಲ್ಲ. ಮೂಲೆಯ ಪೆಟ್ಟಿಗೆಯಲ್ಲಿ ಅದೇ ಜಾತಿಯ ಇನ್ನೊಂದು ಇತ್ತು. ಅದರ ಬಾಲ ಮೊಂಡಾಗಿ, ಗೆಣಸನ್ನು ತಂದು ಅಂಟಿಸಿದಂತಿತ್ತು.

"ಅದರ ಬಾಲ ಒಂದ್ಸಲ ಬಿದ್ದು ಮತ್ತೆ ಬೆಳೆದದ್ದು," ಅಂದಳು ಅಂಗಡಿಯಾಕೆ. "ಹೆದರಿದ್ರೆ ಉದುರಿಸಿಬಿಡ್ತವೆ. ಹೊಸದು ಬರತ್ತೆ, ಮೊದಲಿನ ಹಾಗೆ ಬರಲ್ಲ."

"ನಂಗೆ ಇದೇ," ಅಂದಳು ಮಗಳು. ಮನೆಗೆ ಬರುವ ದಾರಿಯಲ್ಲೇ ಅದಕ್ಕೆ ಮೋಟಪ್ಪ ಎಂದು ಹೆಸರಾಯಿತು.

ಹಣ ಕೊಟ್ಟು ಹೊರಡುವಾಗ ಅಂಗಡಿಯಾಕೆ ಹೇಳಿದ್ದಳು: "ಹೊಸ ಜಾಗ ಅಂತ ಮೊದಮೊದಲು ಊಟ ಬಿಡತ್ತೆ. ಗಾಬರಿಯಾಗಬೇಡಿ. ಮುಟ್ಟಬೇಡಿ, ಎತ್ತಬೇಡಿ, ಅದರ ಪಾಡಿಗೆ ಬಿಟ್ಬಿಡಿ." ನಾನು ತಲೆಯಾಡಿಸಿದೆ. ಎಚ್ಚರಿಕೆಯ ಮಾತು ನನಗೆ ಹೇಳಿಕೊಡಬೇಕೇ?

ಪೆಟ್ಟಿಗೆ ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ಮೂವರೂ ಒಂದೇ ಬಾಗಿಲ ಕಡೆ ನೋಡಿದೆವು. ಅಡುಗೆಮನೆಯ ಹೊಗೆ ತಾಗದ, ನೇರ ಬಿಸಿಲು ಬೀಳದ, ಸದ್ದಿಲ್ಲದ ಜಾಗವೆಂದರೆ ಅತ್ತೆಯ ಕೋಣೆಯೊಂದೇ. ಅವರು ಹೋದ ಮೇಲೆ ಆ ಕೋಣೆಯನ್ನು ಏನು ಮಾಡುವುದೆಂದು ಯಾರೂ ಮಾತೆತ್ತಿರಲಿಲ್ಲ. ಮಂಚದ ಮೇಲೆ ಚಾದರ ಹಾಸಿದಂತೆಯೇ ಇತ್ತು. ಕೈಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ಬಾಗಿಲ ಹಿಂದಿನ ಮೊಳೆಯಲ್ಲಿ ಅವರ ಬೂದುಬಣ್ಣದ ಶಾಲು.

"ಅಲ್ಲೇ ಇಡೋಣ. ಅಜ್ಜಿ ಏನೂ ಅನ್ನಲ್ಲ," ಅಂದಳು ಮಗಳು.

ಇವರು ಪೆಟ್ಟಿಗೆ ಎತ್ತಿಕೊಂಡು ಒಳಗೆ ನಡೆದರು. ಇವರು ಲಿಫ್ಟ್ ರಿಪೇರಿಯ ಮೆಕ್ಯಾನಿಕ್. ತಂತಿಗಳ ಕೆಲಸವೆಂದರೆ ಅಚ್ಚುಕಟ್ಟು. ಪೆಟ್ಟಿಗೆಯ ಒಂದು ತುದಿಗೆ ಶಾಖದ ಹಾಳೆ ಹಾಸಿ, ಹದ ಮೀರದಂತೆ ಥರ್ಮೋಸ್ಟಾಟ್ ಕೂರಿಸಿದರು. ಇನ್ನೊಂದು ತುದಿ ತಂಪಾಗಿರಬೇಕು. ಬೇಕಾದಾಗ ಬಿಸಿಗೆ, ಬೇಡವಾದಾಗ ತಂಪಿಗೆ ಅದು ತಾನೇ ಹೋಗಿಬರುತ್ತದೆ. ಅಡಗಿಕೊಳ್ಳಲು ಒಡೆದ ಹೂಕುಂಡದ ಅರ್ಧವನ್ನು ನಾನೇ ಬೋರಲು ಹಾಕಿದೆ. ಅದರ ಬಾಯಿ ಗೋಡೆಯ ಕಡೆಗಿರುವಂತೆ ನೋಡಿಕೊಂಡೆ. ಕ್ಯಾಲ್ಸಿಯಂ ಪುಡಿ ಸವರಿದ ಹುಳುಗಳ ಬಟ್ಟಲು, ನೀರಿನ ಬಟ್ಟಲು ಇಟ್ಟೆ. ಮೋಟಪ್ಪ ಕುಂಡದೊಳಗೆ ಸೇರಿಕೊಂಡಿತು.

ಮರುದಿನ ಬೆಳಿಗ್ಗೆ ಎದ್ದು ಬಂದು ನೋಡಿದರೆ ಕುಂಡದ ಬಾಯಿ ಮಂಚದ ಕಡೆಗಿತ್ತು.

ಹಲ್ಲಿ ತಳ್ಳಿರಬೇಕೆಂದುಕೊಂಡೆ. ಅಂಗೈಯಷ್ಟು ಪ್ರಾಣಿ, ಕುಂಡವೋ ನಾನೇ ಎರಡು ಕೈಯಲ್ಲಿ ಹಿಡಿದು ಇಟ್ಟದ್ದು. ಆದರೂ ಹಾಗೇ ಅಂದುಕೊಂಡು ಗೋಡೆಯ ಕಡೆಗೆ ತಿರುಗಿಸಿದೆ. ಹುಳುಗಳು ಇಟ್ಟಷ್ಟೂ ಇದ್ದವು. ಕುಂಡ ಎತ್ತಿದ್ದರಿಂದ ಮೋಟಪ್ಪ ತಲೆಯೆತ್ತಿ ನೋಡಿತು. ನನ್ನನ್ನಲ್ಲ. ನನ್ನ ಭುಜದಾಚೆಗೆ, ಮಂಚವನ್ನು.

ಆಮೇಲೆ ಒಂದೊಂದೇ ಕಾಣತೊಡಗಿದವು. ಕೈಕುರ್ಚಿಯ ಮೆತ್ತೆಯಲ್ಲಿ ಯಾರೋ ಈಗಷ್ಟೇ ಎದ್ದುಹೋದಂಥ ತಗ್ಗು. ಕೈಯಿಟ್ಟರೆ ಬೆಚ್ಚಗೆ. ಇನ್ನೊಂದು ದಿನ ಬಾಗಿಲು ತೆಗೆದ ಕೂಡಲೇ ನೋವಿನ ಮುಲಾಮಿನ ವಾಸನೆ. ಅತ್ತೆ ಮಂಡಿಗೆ ಹಚ್ಚಿಕೊಳ್ಳುತ್ತಿದ್ದ ಅದೇ ಮುಲಾಮು. ಕಿಟಕಿಯ ಪರದೆಯನ್ನು ನಾನು ಪೂರ್ತಿ ಎಳೆದು, ಮೇಲಿನ ಕೊಂಡಿಗೆ ಸಿಕ್ಕಿಸಿ ಹೋಗಿರುತ್ತೇನೆ. ಬಂದು ನೋಡಿದರೆ ಅರ್ಧ ಸರಿದಿರುತ್ತದೆ. ಬೀದಿ ಕಾಣಬೇಕು, ಬೀದಿಯವರಿಗೆ ತಾನು ಕಾಣಬಾರದು ಎಂದು ಅತ್ತೆ ಸರಿಸಿಕೊಳ್ಳುತ್ತಿದ್ದಷ್ಟೇ.

ಯಾರಿಗೂ ಹೇಳಲಿಲ್ಲ. ತಾಯಿಯ ವಿಷಯ ಬಂದರೆ ಇವರು ಎದ್ದು ಹೋಗಿಬಿಡುತ್ತಾರೆ. ಮಗಳ ಮುಂದೆ ಹೇಳುವ ಮಾತೇ ಇದು? ಕಚೇರಿಯಲ್ಲಿ ನೀರು ಕಾಯಿಸುವ ಯಂತ್ರದ ಎಚ್ಚರಿಕೆ ಬರೆಯುತ್ತ ಕೂತಾಗ, ನನಗೆ ಅರಿವಿಲ್ಲದೆ 'ಖಾಲಿ ಇರುವಾಗ ಮುಚ್ಚಳ ತೆರೆಯಬೇಡಿ' ಎಂದು ಬರೆದಿದ್ದೆ. ಅಂಥ ನಿಯಮವೇ ಇಲ್ಲ. ಅಳಿಸಿದೆ.

ಮೋಟಪ್ಪ ತಿನ್ನಲಿಲ್ಲ. ಹುಳು ಬದಲಾಯಿಸಿದೆ, ಮಿಡತೆ ತಂದೆ, ಇಕ್ಕಳದಲ್ಲಿ ಹಿಡಿದು ಮೂಗಿನ ಹತ್ತಿರ ಆಡಿಸಿದೆ. ಮುಖ ಆಚೆ ತಿರುಗಿಸಿತು. ಆ ತಿರುಗಿಸುವ ರೀತಿ ನನಗೆ ಗುರುತಿತ್ತು. ಕೊನೆಯ ದಿನಗಳಲ್ಲಿ ಅತ್ತೆಯದೂ ಹೀಗೇ, ಚಮಚ ಬಾಯಿಯ ಹತ್ತಿರ ಬಂದ ಕೂಡಲೇ ಕಣ್ಣು ಮುಚ್ಚಿ ಕತ್ತು ಹೊರಳಿಸುವುದು. ಗೆಣಸಿನಂಥ ಬಾಲ ಸೊರಗುತ್ತ ಬಂತು. ಊಟದ ಹೊತ್ತಿನಲ್ಲಿ ಮಗಳು ತಟ್ಟೆಯ ಅಂಚಿಗೆ ತುತ್ತುಗಳನ್ನು ಸರಿಸುತ್ತ, "ಅಮ್ಮಾ, ಇವತ್ತು ತಿಂತಾ?" ಎಂದು ಕೇಳುವಳು. "ನಾಳೆ ತಿನ್ನಬಹುದು," ಅನ್ನುವೆ. ಅವಳು ತಟ್ಟೆ ಎತ್ತಿಕೊಂಡು ಹೋಗಿಬಿಡುವಳು. ಆ ಪ್ರಾಣಿ ಹೋದರೆ ಇವಳು ಎಷ್ಟು ಕುಗ್ಗಿಬಿಡುತ್ತಾಳೋ ಎಂದು ಯೋಚಿಸುತ್ತ ಮತ್ತೆ ಆ ಕೋಣೆಗೆ ಹೋಗಿ ಬಟ್ಟಲು ನೋಡಿ ಬರುವೆ.

ಒಂದು ಮಧ್ಯಾಹ್ನ ತಲೆನೋವೆಂದು ಹೇಳಿ ಬೇಗ ಹೊರಟೆ. ತಲೆ ನೋಯುತ್ತಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಆ ಕೋಣೆ ಹೇಗಿರುತ್ತದೆಂದು ನೋಡಬೇಕಿತ್ತು. ಮುಂಬಾಗಿಲಿನ ಬೀಗಕ್ಕೆ ಕೀಲಿಕೈ ತಿರುಗಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದೆ. ಅತ್ತೆಯ ಕೋಣೆಯ ಬಾಗಿಲು ಓರೆಯಾಗಿತ್ತು. ಒಳಗೆ ಯಾರೋ ಪಿಸುಗುಟ್ಟುತ್ತಿದ್ದರು. "ಒಂದೇ ಒಂದು. ನನಗೋಸ್ಕರ. ಒಂದು ತಿಂದ್ಬಿಡು."

ಗೋಡೆ ಹಿಡಿದುಕೊಂಡೆ. ಮತ್ತೆ ಕೇಳಿದಾಗ ದನಿ ಇವರದೆಂದು ತಿಳಿಯಿತು.

ಕೈಕುರ್ಚಿಯನ್ನು ಪೆಟ್ಟಿಗೆಯ ಮುಂದಕ್ಕೆ ಎಳೆದುಕೊಂಡು, ಕೆಲಸದ ಬಟ್ಟೆಯಲ್ಲೇ ಕೂತಿದ್ದರು. ಕುಂಡವನ್ನು ಎತ್ತಿ ಹಿಡಿದಿದ್ದರು. ಇನ್ನೊಂದು ಕೈಯ ಬೆರಳು ಮೋಟಪ್ಪನ ಮೂಗಿನ ಮುಂದಿತ್ತು. ಉಸಿರಾಡುತ್ತಿದೆಯೇ ಎಂದು ನೋಡುವ ಬೆರಳು. ನನ್ನನ್ನು ಕಂಡು ಕಳ್ಳನಂತೆ ಬೆಚ್ಚಿದರು.

"ನೀವಾ?" ಅಂದೆ. "ಎಷ್ಟು ದಿನದಿಂದ?"

"ಊಟದ ಬಿಡುವಲ್ಲಿ ಬಂದು ಹೋಗ್ತೀನಿ. ಒಂದು ಗಳಿಗೆ ಅಷ್ಟೇ. ಬದುಕಿದ್ಯೋ ಇಲ್ವೋ ಅಂತ."

"ಮುಲಾಮು?"

"ಭುಜ ಹಿಡ್ಕೊಂಡಿತ್ತು. ಅಮ್ಮಂದು ಇನ್ನೂ ಅರ್ಧ ಡಬ್ಬಿ ಇತ್ತಲ್ಲ, ಹಚ್ಕೊಂಡೆ." ಮುಖ ಕೆಳಗೆ ಹಾಕಿದರು. "ನೀನೂ ನೋಡ್ತೀಯಾ ಅಂತ ಗೊತ್ತಿರಲಿಲ್ಲ."

"ಬೆಳಿಗ್ಗೆ ಒಂದ್ಸಲ. ಸಂಜೆ ಬಂದ ಕೂಡಲೇ. ಮಲಗೋ ಮುಂಚೆ."

ಅವತ್ತು ಬೇಗ ಬಿಟ್ಟ ಶಾಲೆಯಿಂದ ಬಂದ ಮಗಳು ಬ್ಯಾಗು ಕೆಳಗಿಳಿಸದೆ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. "ನೀನೂನಾ?"

"ನೀವು ಏಳೋ ಮುಂಚೆ," ಅಂದಳು. "ಎತ್ಕೊಂಡು ಸ್ವಲ್ಪ ಹೊತ್ತು ಕಾವು ಕೊಡ್ತೀನಿ. ಆಮೇಲೆ ಕುಂಡ ಮಂಚದ ಕಡೆ ತಿರುಗಿಸಿ ಇಡ್ತೀನಿ. ಒಬ್ಬನೇ ಅಂತ ಅನ್ನಿಸಬಾರದಲ್ಲ."

ಮೂವರೂ ಆ ಪುಟ್ಟ ಪ್ರಾಣಿಯ ಸುತ್ತ ನಿಂತಿದ್ದೆವು. ಅಂಗಡಿಯಾಕೆ ಮುಟ್ಟಬೇಡಿ ಎಂದಿದ್ದಳು. ಬದುಕಿದೆಯೇ ಎಂದು ನೋಡುವುದು ಮುಟ್ಟಿದ ಲೆಕ್ಕಕ್ಕೆ ಬರುತ್ತದೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕಾಯಿಲೆಯ ಕೋಣೆಗೆ ಹೊಕ್ಕುಬರುವುದನ್ನೇ ವರ್ಷಗಟ್ಟಲೆ ಮಾಡಿದವರು ನಾವು.

"ಅಜ್ಜಿ ಬೈತಿದ್ರು," ಅಂದಳು ಮಗಳು. "'ಸತ್ತಿಲ್ಲ ಕಣ್ರೋ, ಬಾಗಿಲು ಹಾಕ್ಕೊಂಡು ಹೋಗಿ' ಅಂತ."

ಅವಳು ಅತ್ತೆಯ ದನಿಯಲ್ಲೇ ಆಡಿ ತೋರಿಸಿದ್ದಳು. ಇವರು ನಗಲು ಹೋಗಿ, ಆಗದೆ, ಅಂಗೈಯಿಂದ ಮುಖ ಒರೆಸಿಕೊಂಡರು.

"ಸರಿ," ಅಂದೆ ನಾನು. ಎದೆ ಹಗುರಾಗಿತ್ತು. ಕುಂಡ, ಕುರ್ಚಿ, ಮುಲಾಮು ಎಲ್ಲಕ್ಕೂ ಮನುಷ್ಯರೇ ಸಿಕ್ಕಿದ್ದರು. "ಆದ್ರೆ ಆ ಪರದೆ ಯಾಕೆ ಸರಿಸ್ತೀರಿ? ಬೆಳಕು ಬಿದ್ರೆ ಅದಕ್ಕೆ ಆಗಲ್ಲ."

"ನಾನು ಪರದೆ ಮುಟ್ಟಿಲ್ಲ," ಅಂದರು ಇವರು.

ಇಬ್ಬರೂ ಮಗಳ ಕಡೆ ನೋಡಿದೆವು. ಅವಳು ತಲೆಯಲ್ಲಾಡಿಸಿದಳು. "ನಂಗೆ ಆ ಕೊಂಡಿ ಎಟುಕಲ್ಲ ಅಮ್ಮಾ."

ಯಾರೂ ಕಿಟಕಿಯ ಕಡೆ ತಿರುಗಲಿಲ್ಲ.

ಅವತ್ತೇ ಬೀಗ ಹಾಕಿದೆವು. ನೀರು ತುಂಬಿಸಿ, ಹುಳುಗಳ ಬಟ್ಟಲು ಇಟ್ಟು, ಕುಂಡವನ್ನು ಗೋಡೆಗೆ ತಿರುಗಿಸಿ ಹೊರಬಂದೆವು. ಇವರು ತಂತಿಯನ್ನು ಬಾಗಿಲ ಕೆಳಗಿನಿಂದ ಎಳೆದು, ಶಾಖ ತೋರಿಸುವ ಮಾಪಕವನ್ನು ಹಾಲ್‌ನ ಗೋಡೆಗೆ ಹೊಡೆದರು. ಒಳಗೆ ಹೋಗದೇ ನೋಡಬಹುದು. "ಕೀಲಿಕೈ ಮೇಡಂ ಹತ್ರ ಇರಲಿ," ಅಂದರು. "ನಮ್ಮಿಬ್ಬರನ್ನ ನಂಬೋ ಹಾಗಿಲ್ಲ."

ಆ ದಿನಗಳು ಹೇಗೆ ಕಳೆದವೋ. ಮಾಪಕದ ಅಂಕಿ ಸ್ಥಿರವಾಗಿತ್ತು, ನಾನಿರಲಿಲ್ಲ. ಪಾತ್ರೆ ತೊಳೆಯುತ್ತ ಕೈ ನಿಲ್ಲಿಸಿ ಕಿವಿಗೊಡುವೆ. ಇವರು ಶೂ ಹುಡುಕುವ ನೆಪದಲ್ಲಿ ಆ ಬಾಗಿಲ ಮುಂದೆ ಸುಳಿದಾಡುವರು. "ಅಪ್ಪಾ, ಶೂ ಕಾಲಲ್ಲೇ ಇದೆ," ಅನ್ನುವಳು ಮಗಳು.

ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಮುಚ್ಚಿದ ಕೋಣೆಯೊಳಗೆ ಯಾರೋ ನಿಧಾನವಾಗಿ ಗಂಟಲು ಸರಿಮಾಡಿಕೊಂಡರು.

ನೀರಿನ ಪೈಪು ಎನ್ನೋಣವೆಂದರೆ ಆ ಗೋಡೆಯಲ್ಲಿ ಪೈಪಿಲ್ಲ. ಪಕ್ಕದ ಮನೆ ಆ ಕಡೆಗಿಲ್ಲ. ಇವರ ಕೈಯಲ್ಲಿದ್ದ ತುತ್ತು ಬಾಯಿಗೂ ತಟ್ಟೆಗೂ ನಡುವೆ ನಿಂತಿತ್ತು. ಕುರ್ಚಿ ಹಿಂದೆ ಸರಿಸಿ ಎದ್ದೆ. ಎದ್ದದ್ದು ಹೆದರಿ ಓಡುವುದಕ್ಕಲ್ಲ. ಬಾಗಿಲು ತೆಗೆದು, ಏನು ಬೇಕಿತ್ತು ಎಂದು ಕೇಳುವುದಕ್ಕೆ. ಅತ್ತೆ ಕರೆಯುತ್ತಿದ್ದುದೇ ಹಾಗೆ, ಆ ಸದ್ದಿಗೆ ಎದ್ದು ಹೋಗಿ ಅಷ್ಟು ರೂಢಿ ನನಗೆ.

"ಕೀಲಿಕೈ ಕೊಡು," ಅಂದೆ.

ಮಗಳು ಕೊಡಲಿಲ್ಲ. ಅವಳ ಮುಖ ಬಿಳಿಚಿತ್ತು, ಅವಳಿಗೂ ಕೇಳಿಸಿತ್ತು. ಆದರೂ ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, "ಈಗ ತೆಗೆದ್ರೆ ಮೋಟಪ್ಪ ತಿನ್ನಲ್ಲ ಅಮ್ಮಾ," ಅಂದಳು. "ಕೂತ್ಕೋ."

ಕೂತೆ. ಒಳಗೆ ಮತ್ತೆ ಸದ್ದಾಗಲಿಲ್ಲ. ಮಗಳು ತಲೆ ತಗ್ಗಿಸಿ ತಿನ್ನತೊಡಗಿದಳು, ಹಟಕ್ಕೆ ಬಿದ್ದವಳಂತೆ, ತಟ್ಟೆ ಬರಿದಾಗುವವರೆಗೆ. ನಾವೂ ತಿಂದೆವು. ಏನು ತಿಂದೆವೋ ನೆನಪಿಲ್ಲ.

ಸಂಜೆ ನೀರು ಬದಲಾಯಿಸಲೇಬೇಕಿತ್ತು. ಮಗಳು ತಾನೊಬ್ಬಳೇ ಹೋಗುತ್ತೇನೆಂದಳು. ಮೂವರು ನುಗ್ಗಿದರೆ ಅದು ಹೆದರುತ್ತದಂತೆ. ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು. ನಾವಿಬ್ಬರೂ ಆಸ್ಪತ್ರೆಯ ಹೊರಗೆ ನಿಂತವರಂತೆ ನಿಂತೆವು. ಇವರ ಕೈ ನನ್ನ ಮುಂಗೈಯನ್ನು ಹಿಡಿದಿತ್ತು. ಬಟ್ಟಲು ಗಾಜಿಗೆ ತಾಗಿದ ಸಣ್ಣ ಸದ್ದಾಯಿತು. ಆಮೇಲೆ ಮಗಳು ಮೆಲ್ಲಗೆ ಏನೋ ಅಂದಳು. ಮೋಟಪ್ಪನಿಗಿರಬೇಕು.

ಹೊರಗೆ ಬಂದವಳ ಕೈಯಲ್ಲಿ ಹುಳುಗಳ ಬಟ್ಟಲಿತ್ತು. ಬೋರಲು ಮಾಡಿ ತೋರಿಸಿದಳು. ಕ್ಯಾಲ್ಸಿಯಂ ಪುಡಿಯ ಹೊರತು ಏನೂ ಉದುರಲಿಲ್ಲ.

"ತಿಂದಿದೆ!" ಅಂದಳು. "ಎಲ್ಲಾ ತಿಂದಿದೆ. ಕುಂಡದಿಂದ ಹೊರಗೆ ಬಂದು ಮಲ್ಕೊಂಡಿದೆ. ಕಣ್ಣು ಮಿಟುಕಿಸ್ತು."

ಇವರು ಅವಳನ್ನು ಬಾಚಿ ಎತ್ತಿಕೊಂಡರು. ಎತ್ತುವ ವಯಸ್ಸಲ್ಲ ಅವಳದು, ಕಾಲು ನೆಲಕ್ಕೆ ತಾಗುತ್ತಿತ್ತು. ಅವರ ಭುಜದ ಮೇಲಿಂದ ಅವಳು ನನ್ನನ್ನು ನೋಡಿದಳು.

"ಮತ್ತೆ ಒಳಗೆ..." ಅಂದೆ.

"ಎಲ್ಲಾ ಸರಿಯಾಗಿದೆ ಅಮ್ಮಾ."

ಅವಳು ಪ್ರತಿ ಮಾತನ್ನೂ ಆರಿಸಿ, ಅಳೆದು ಇಟ್ಟಿದ್ದಳು. ಹಾಗೆ ಮಾತಾಡುವವರು ನಮ್ಮ ಮನೆಯಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ. ಬಾಗಿಲಿಗೆ ಬೀಗ ತಿರುಗಿಸಿ ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡಳು. ಇನ್ನೊಂದು ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಕೈ ತೊಳ್ಕೊಂಡು ಬಾ," ಅಂದೆ.